ಬಂದೇಸಾಬನ ಮುಖ

ಮಸ್ಕಿ, ೨೩ ಮಾರ್ಚ್ ೧೯೮೭

ಠಾಣೆಯಲ್ಲಿ ಮೊದಲ ಸಹಿ ಮುಗಿಯಿತು. ಇನ್ನು ಒಂದು ವರ್ಷ ಪ್ರತಿ ಸೋಮವಾರ ಇದೇ ಹಣೆಬರಹ. ಜಮಾದಾರರು ಹುಕುಮಿನ ಕಾಗದವನ್ನು ಮತ್ತೊಮ್ಮೆ ಓದಿ ಹೇಳಿದರು: ತುರ್ವಿಹಾಳದ ಪೇಂಟರ್ ತಾಯಪ್ಪ ಒಂದು ವರ್ಷದ ತನಕ ಸಿಂಧನೂರು ತಾಲೂಕಿನೊಳಗೆ ಕಾಲಿಡಕೂಡದು, ಇಟ್ಟರೆ ಜೇಲು. ನನಗೆ ಕಿವಿ ಕೇಳಿಸುವುದಿಲ್ಲ ಎನ್ನುವಂತೆ ಜೋರಾಗಿ ಹೇಳಿದರು.

ಗಡಿಪಾರು ಅಂದಾಗ ಎಲ್ಲೋ ಕಾಲಾಪಾನಿಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಸಿಕ್ಕಿದ್ದು ಮಸ್ಕಿ. ಇದು ಲಿಂಗಸುಗೂರು ತಾಲೂಕು, ಆದ್ದರಿಂದ ನಾನು ಇಲ್ಲಿ ಇರಬಹುದು. ಸಿಂಧನೂರಿನ ಬಸ್ಸುಗಳು ದಿನಾ ಕಣ್ಣೆದುರೇ ಹೋಗುತ್ತವೆ, ನಾನು ಮಾತ್ರ ಹತ್ತುವಂತಿಲ್ಲ. ದಾರಿಯಲ್ಲಿ ತಾಲೂಕಿನ ಗಡಿ ಎಂದು ಒಂದು ಫಲಕ ನೆಟ್ಟಿದ್ದಾರೆ. ಅದನ್ನು ಬರೆದವನೂ ನಾನೇ. ಅಕ್ಷರ ಚೆನ್ನಾಗಿ ಬಂದಿವೆ ಎಂದು ಆಗ ಸೈಕಲ್ಲು ನಿಲ್ಲಿಸಿ ನೋಡಿ ಖುಷಿಪಟ್ಟಿದ್ದೆ.

ಆ ಅಕ್ಷರವೇ ನನ್ನನ್ನು ಇಲ್ಲಿಗೆ ತಂದು ಹಾಕಿದ್ದು. ಹೋದ ಸುಗ್ಗಿಯಲ್ಲಿ ಭತ್ತ ಕೊಯ್ಯುವವರು ಕೂಲಿ ಹೆಚ್ಚಿಸಿದ ಹೊರತು ಕುಡುಗೋಲು ಹಿಡಿಯುವುದಿಲ್ಲ ಎಂದು ಕೂತರು. ಗೋಡೆಗೆ ಬರೆಯಬೇಕಾದ ಮಾತನ್ನು ಬಂದೇಸಾಬ ಹೇಳಿದ. ಕೆಮ್ಮಣ್ಣು ಕಲಸಿ ನಾನು ಬರೆದೆ. ಗೋಡೆಯ ಮೇಲೆ ಮಾತು ಯಾರದೆಂದು ಗುರುತಿಲ್ಲ, ಅಕ್ಷರ ಯಾರದೆಂದು ಇದೆ. ‘ಕೂಲಿ’ಯ ಕೊಂಬಿಗೆ ನಾನು ಹಾಕುವ ಬಾಲ ಇಡೀ ತಾಲೂಕಿಗೆ ಗೊತ್ತು. ಗೌಡರಿಗೂ ಗೊತ್ತು, ಪೊಲೀಸರಿಗೂ ಗೊತ್ತು.

ಬಂದೇಸಾಬ ನನ್ನ ಗೆಳೆಯ. ಒಂದನೇ ತರಗತಿಯಿಂದ ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತವರು ನಾವು. ಕೇಸಾಗುವ ಸುಳಿವು ಸಿಕ್ಕದ್ದೇ ಅವನು ಗೋವಾಕ್ಕೆ ಹೊರಟ ಲಾರಿ ಹತ್ತಿದ. ಹೆಂಡತಿ ದಾವಲ್‌ಬೀಯನ್ನು ಅವಳ ಅಣ್ಣ ದಸ್ತಗೀರ್‌ಸಾಬ್‌ನ ಮನೆಯಲ್ಲಿ ಬಿಟ್ಟ. ನನಗೆ ಹೇಳಿದ್ದು ಇಷ್ಟೇ: “ನೀ ಬರಿಯೋದು ಬಿಡಬ್ಯಾಡ, ನಾ ಬರೋದು ಬಿಡಂಗಿಲ್ಲ.” ಅವನ ಮೇಲೆ ಸಿಟ್ಟಿದೆ. ಲಾರಿಯಲ್ಲಿ ಇನ್ನೊಬ್ಬನಿಗೆ ಜಾಗವಿತ್ತು, ನಾನು ಹತ್ತಲಿಲ್ಲ. ಅದಕ್ಕೆ ನನ್ನ ಮೇಲೂ ಸಿಟ್ಟಿದೆ.

ಮಾತಾಡಲು ಯಾರೂ ಇಲ್ಲ. ಅದಕ್ಕೇ ಈ ಬರೆಯುವ ಚಾಳಿ.

ಮಸ್ಕಿ, ೧೧ ಏಪ್ರಿಲ್

ತಿಮ್ಮವ್ವನ ಖಾನಾವಳಿಯ ಹಿಂದಿನ ಕೋಣೆ ಸಿಕ್ಕಿದೆ. ಮುಂದೆ ರೊಟ್ಟಿ ಬಡಿಯುವ ಸಪ್ಪಳ, ಹಿಂದೆ ನನ್ನ ಬಣ್ಣದೆಣ್ಣೆಯ ವಾಸನೆ. “ನಿನ್ನ ವಾಸನಿಗೆ ನನ್ನ ಗಿರಾಕಿ ಓಡಿ ಹೋಗ್ತಾರ ನೋಡಪಾ” ಎಂದು ಬೈಯುತ್ತಾಳೆ. ನನ್ನನ್ನು ಮಾತ್ರ ಓಡಿಸುವುದಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಖಾನಾವಳಿ ನಡೆಸುವ ಹೆಂಗಸು. ನಾಲಿಗೆ ಖಾರ, ಕೈ ಧಾರಾಳ. ಪಲ್ಯ ಬೇಡ ಅಂದರೂ ಸುರಿಯುತ್ತಾಳೆ.

ಅಂಗಡಿ ಬೋರ್ಡು ಬರೆಸುವವರು ಇಲ್ಲಿ ಕಡಿಮೆ. ಸತ್ತವರ ಚಿತ್ರ ಬರೆಸುವವರು ಇದ್ದಾರೆ. ಈ ಸೀಮೆಯಲ್ಲಿ ಬದುಕಿದ್ದವರಿಗೆ ಫೋಟೋ, ಸತ್ತವರಿಗೆ ಬಣ್ಣದ ಚಿತ್ರ. ಬದುಕಿದ್ದವನನ್ನು ಬಣ್ಣದಲ್ಲಿ ಬರೆದು ಗೋಡೆಗೆ ಹಾಕಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರುತ್ತಾರೆ. ಯಾರಾದರೂ ತೀರಿಕೊಂಡ ಮೇಲೆ ಮನೆಯವರು ಉಗುರಿನಷ್ಟು ಫೋಟೋ ಹಿಡಿದು ಬರುತ್ತಾರೆ. ನಾನು ಚೌಕುಳಿ ಗೆರೆ ಹಾಕಿ ಅದನ್ನು ದೊಡ್ಡದು ಮಾಡಿ ಬಣ್ಣ ತುಂಬಿ, ಮುಖದ ಹಿಂದೆ ನೀಲಿ ಹಚ್ಚುತ್ತೇನೆ. ಇಂದು ಕರೆಮ್ಮ ಎಂಬಾಕೆ ಗಂಡನ ಫೋಟೋ ತಂದಿದ್ದಳು.

“ಮುಂದಿನ ಹಲ್ಲು ಹಾಕ್ರಿ. ಮೈಮ್ಯಾಲೊಂದು ಕೋಟು ಹಾಕ್ರಿ.”

“ಅವರು ಕೋಟು ಹಾಕ್ತಿದ್ರೇನವ್ವ?”

“ಬನೀನು ಸುದ್ದಾ ಹಾಕತಿದ್ದಿಲ್ಲ. ಅದಕ್ಕ ನೀವು ಹಾಕ್ರಿ ಅಂದೆ.”

ಹಾಕಿದೆ. ನನ್ನ ಕೆಲಸವೇ ಅದು. ಉದುರಿದ ಹಲ್ಲು ಬರುತ್ತದೆ, ಬೋಳು ತಲೆಗೆ ರುಮಾಲು ಬರುತ್ತದೆ, ಸೊಟ್ಟಗಿದ್ದದ್ದು ನೆಟ್ಟಗಾಗುತ್ತದೆ. ಈಗೀಗ ಅವರು ಹೇಳುವ ಮೊದಲೇ ಕೈ ತಿದ್ದಿಬಿಡುತ್ತದೆ. ನನ್ನ ಹತ್ತಿರ ಬಂದ ಸತ್ತವರೆಲ್ಲ ಬದುಕಿದ್ದಾಗಿನದಕ್ಕಿಂತ ಚೆನ್ನಾಗಿದ್ದಾರೆ.

ಮಸ್ಕಿ, ೨ ಮೇ

ಬಿಸಿಲು. ಗುಡ್ಡದ ಬಂಡೆಗಳು ಕಾದು ಸಂಜೆಯವರೆಗೂ ಊರಿನ ಮೇಲೆ ಝಳ ಉಗುಳುತ್ತವೆ. ಬಣ್ಣ ಡಬ್ಬಿಯಲ್ಲೇ ಒಣಗುತ್ತದೆ. ಮಲಗಿದೆ, ಎದ್ದೆ, ಮತ್ತೆ ಮಲಗಿದೆ.

ಮಸ್ಕಿ, ೧೭ ಮೇ

ಉಳಿದಿದ್ದ ಒಂದು ಹಾರ್ಡ್‌ಬೋರ್ಡಿನ ತುಂಡಿನ ಮೇಲೆ ಬಂದೇಸಾಬನನ್ನು ಬರೆದೆ. ಯಾಕೆ ಬರೆದೆ ಎಂದರೆ, ಬೆಳಿಗ್ಗೆ ಎದ್ದಾಗ ಅವನ ದನಿ ನೆನಪಾಯಿತು, ಮುಖ ತಡವಾಗಿ ಬಂತು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಅವನದೊಂದು ಫೋಟೋ ಇಲ್ಲ. ಫೋಟೋ ತೆಗೆಸುವುದು ಗುನ್ಹೆ ಎಂದು ಅವರಪ್ಪ ಬೈಯುತ್ತಿದ್ದ, ಮದುವೆಯಲ್ಲೂ ತೆಗೆಸಲಿಲ್ಲ. ದಾವಲ್‌ಬೀಯ ಹತ್ತಿರವೂ ಇಲ್ಲ. ಎಲ್ಲವನ್ನೂ ನೆನಪಿನಿಂದಲೇ ತೆಗೆಯಬೇಕು. ಬಂದೇಸಾಬನಿಗೆ ನಗು ಬಂದರೆ ಮೊದಲು ಭುಜ ಕುಣಿಯುತ್ತವೆ, ಆಮೇಲೆ ಬಾಯಿ ತೆರೆಯುತ್ತಾನೆ. ಮಾತಾಡುವಾಗ ಎದುರಿನವನ ಅಂಗಿಯ ಗುಂಡಿ ಹಿಡಿದು ತಿರುವುತ್ತಾನೆ. ನನ್ನ ಎಷ್ಟೋ ಗುಂಡಿಗಳು ಅವನ ಕೈಯಲ್ಲಿ ಹೋಗಿವೆ. ಗೌಡರ ಎದುರಿಗೆ ಮಾತಾಡುವಾಗಲೂ ಹಾಗೇ ಕೈ ಮುಂದೆ ಹೋಗಿತ್ತು, ನಾನೇ ಹಿಂದಕ್ಕೆ ಎಳೆದೆ. ಇದನ್ನೆಲ್ಲ ಹಾರ್ಡ್‌ಬೋರ್ಡಿನ ಮೇಲೆ ತರುವುದು ಹೇಗೆ?

ಕಣ್ಣು ಒಂದೇ ಸಲಕ್ಕೆ ಬಂದವು. ಕೈಗೆ ರೂಢಿ. ಬಾಯಿ ಬರಲಿಲ್ಲ. ಬರೆದು ಒರೆಸಿ, ಬರೆದು ಒರೆಸಿ ತುಟಿಯ ಜಾಗದಲ್ಲಿ ಕೆಸರಾಯಿತು. ಆದರೂ ಬಹಳ ದಿನದ ಮೇಲೆ ಊಟ ರುಚಿಸಿತು.

ಮಸ್ಕಿ, ೧೫ ಜೂನ್

ಎರಡನೆಯ ಚಿತ್ರ. ಮೊದಲನೆಯದನ್ನು ಪಕ್ಕಕ್ಕೆ ಇಟ್ಟುಕೊಂಡು ಬರೆದೆ, ಕೆಲಸ ಸುಲಭವಾಯಿತು. ಬಾಯಿ ಮುಚ್ಚಿಸಿದೆ. ಮುಚ್ಚಿದ ಬಾಯಿ ಬರೆಯುವುದು ತೆರೆದ ಬಾಯಿಗಿಂತ ಹಗುರ.

ಮಳೆ ಎರಡು ಹನಿ ಉದುರಿಸಿ ಹೋಯಿತು. ಠಾಣೆಯಲ್ಲಿ ಜಮಾದಾರರು, “ಏನಲೇ ಪೇಂಟರ್, ಸೊರಗೀಯಲ್ಲ” ಅಂದರು. ಸೊರಗದೆ ಇನ್ನೇನು ಮಾಡಲಿ ಅಂದೆ, ಮನಸ್ಸಿನಲ್ಲಿ.

ಮಸ್ಕಿ, ೨೦ ಜುಲೈ

ಮೂರು, ನಾಲ್ಕು, ಐದು. ತಿಂಗಳಿಡೀ ಬರೆದೆ, ಬರೆದದ್ದನ್ನು ನೋಡಿ ಮತ್ತೆ ಬರೆದೆ. ನೆನಪು ದೂರ ಇದೆ, ಹಿಂದಿನ ಚಿತ್ರ ಕೈಗೆ ಹತ್ತಿರ ಇದೆ. ಗಲ್ಲ ಎಷ್ಟು ಮಾಡಿದರೂ ನೆನಪಿಗೆ ಬರಲಿಲ್ಲ. ಯಾರೋ ತೀರಿಹೋದ ಮಾಸ್ತರರ ಫೋಟೋ ಬಂದಿತ್ತು, ಅವರ ಗಲ್ಲವನ್ನೇ ಕೊಟ್ಟೆ. ಹೊಂದಿಕೊಂಡಿತು. ಐದನೆಯದಕ್ಕೆ ಅರಿವಿಲ್ಲದೆ ಕೋಟು ಹಾಕಿಬಿಟ್ಟಿದ್ದೇನೆ. ಒರೆಸಬೇಕು ಅಂದುಕೊಂಡೆ, ಎದ್ದು ಎಣ್ಣೆ ಬಟ್ಟೆ ಹುಡುಕುವಷ್ಟು ಚೈತನ್ಯ ಇರಲಿಲ್ಲ. ಒಪ್ಪುತ್ತದೆ, ಇರಲಿ.

ಇದು ಎಲ್ಲಕ್ಕಿಂತ ಚೆನ್ನಾಗಿದೆ. ಹಿಂದೆ ನೀಲಿ ಹಾಕಿ ಗೋಡೆಗೆ ತೂಗುಹಾಕಿದೆ.

ಮಸ್ಕಿ, ೯ ಆಗಸ್ಟ್

ಕಂಡಕ್ಟರ್ ಬಸ್ಸಪ್ಪ ಲಿಂಗಸುಗೂರು–ಸಿಂಧನೂರು ಬಸ್ಸಿನವನು, ತುರ್ವಿಹಾಳದ ಅಳಿಯ. ಮಧ್ಯಾಹ್ನ ತಿಮ್ಮವ್ವನಲ್ಲಿ ಉಣ್ಣುತ್ತಾನೆ. ಊರಿನ ಸುದ್ದಿ ನನಗೆ ಇವನ ಬಾಯಿಂದಲೇ ಬರಬೇಕು. ಕಾಲುವೆಗೆ ನೀರು ಬಿಟ್ಟಿದ್ದಾರಂತೆ, ನಾಟಿ ಜೋರಾಗಿದೆಯಂತೆ. ದಾವಲ್‌ಬೀಯೂ ನಾಟಿಗೆ ಹೋಗುತ್ತಿದ್ದಾಳೆ.

“ಗೋವಾದಿಂದ ಏನರ ಸುದ್ದಿ?” ಎಂದು ಕೇಳಿದೆ.

“ಸುದ್ದಿಲ್ಲ, ಸುಳಿವಿಲ್ಲ. ಅಲ್ಲಿಂದ ಬಂದವರನ್ನ ಕೇಳಿದ್ರ, ಮುಂದ ಎಲ್ಲೋ ಮುಂಬೈ ಕಡಿಗಿ ಹ್ವಾದ ಅಂತಾರ.”

ಇನ್ನೂ ಎಷ್ಟು ದೂರ ಹೋಗುತ್ತಾನೆ ಅವನು.

ಮಸ್ಕಿ, ೨೪ ಆಗಸ್ಟ್

ಮೈಯಲ್ಲಿ ಹುಷಾರಿಲ್ಲ. ತಿಮ್ಮವ್ವ ಗಂಜಿ ಹಿಡಿದು ಕೋಣೆಗೆ ಬಂದವಳು ಗೋಡೆಯ ಚಿತ್ರದ ಮುಂದೆ ನಿಂತಳು.

“ಇವ ಯಾರಪಾ? ದಿನಾ ಇವನ್ನ ಒಬ್ಬನ್ನೇ ಬರಿತೀಯಲ್ಲ.”

“ನನ್ನ ಗೆಳೆಯ. ನಮ್ಮೂರ ಬಂದೇಸಾಬ.”

“ಎಲ್ಲೆದಾನ?”

“ಹ್ವಾದ ತಿಮ್ಮವ್ವ. ಸುಗ್ಗಿ ಮುಗಿಯೂದ್ರಾಗ ಹ್ವಾದ.”

“ಅಯ್ಯ ಶಿವನ. ಸಣ್ಣ ವಯಸ್ಸು.”

ಸಣ್ಣ ವಯಸ್ಸಿನವರೇ ಅಲ್ಲವೇ ಗೋವಾಕ್ಕೆ ಹೋಗುವುದು ಅಂದುಕೊಂಡೆ. ಹೆಂಡತಿ ಇದ್ದಾಳೇನು ಎಂದು ಕೇಳಿದಳು, ಇದ್ದಾಳೆ ಅಂದೆ. ಕಣ್ಣಿಗೆ ಸೆರಗು ಒತ್ತಿಕೊಂಡು ಹೋದಳು. ಎಷ್ಟು ಮೃದು ಮನಸ್ಸು. ಗಂಜಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು.

ಮಸ್ಕಿ, ೪ ಸೆಪ್ಟೆಂಬರ್

ಮೊಹರಂ. ಬೆಳಿಗ್ಗೆಯಿಂದ ಹಲಗೆಯ ಸಪ್ಪಳ. ತಿಮ್ಮವ್ವ ಆಲಾಯಿ ದೇವರಿಗೆ ಮುಲ್ಲಾನ ಕೈಯಲ್ಲಿ ಸಕ್ಕರೆ ಓದಿಸಿಕೊಂಡು ಬಂದು ನನ್ನ ಕೈಗೂ ಒಂದು ಹಿಡಿ ಹಾಕಿದಳು. “ಬಾಯಾಗ ಹಾಕ್ಕೋ. ಮನಸಿಗಿ ಸಮಾಧಾನ ಆಗ್ತೈತಿ” ಅಂದಳು. ಬಾಯಿಗೆ ಹಾಕಿಕೊಂಡೆ. ಸಿಹಿ ತಿಂದು ಎಷ್ಟು ದಿನವಾಗಿತ್ತೋ.

ಬಂದೇಸಾಬ ಆಲಾಯಿ ಕುಣಿಯ, ಆ ಬೆಂಕಿಗುಂಡಿಯ ಸುತ್ತ ಹೆಜ್ಜೆ ಹಾಕುತ್ತಿದ್ದ. ಹಲಗೆಯವನ ಕೈ ಸೋಲಬೇಕು, ಇವನ ಕಾಲು ಸೋಲುತ್ತಿರಲಿಲ್ಲ. ನನ್ನನ್ನೂ ಎಳೆದುಕೊಳ್ಳುತ್ತಿದ್ದ. ಯಾರಿಗೂ ಕೇಡು ಬಯಸಲಿಲ್ಲ, ಯಾರಿಗೂ ತಲೆ ಬಾಗಿಸಲಿಲ್ಲ. ಒಳ್ಳೆಯ ಮನುಷ್ಯನಾಗಿದ್ದ.

ಇನ್ನು ಬರೆಯಲಾರೆ, ಕೈ ನೋಯುತ್ತಿದೆ.

ಮಸ್ಕಿ, ೬ ಅಕ್ಟೋಬರ್

ಮಧ್ಯಾಹ್ನ ಬಸ್ಸಪ್ಪ ಉಣ್ಣಲು ಕೂತವನು, “ಪಾಪ, ದಾವಲ್‌ಬೀ ಕೈಯಾಗಿನ ಬಳಿ ಒಡಕೊಂಡು ಕುಂತಾಳ ನೋಡು” ಅಂದ.

“ಯಾಕ?”

“ಯಾಕಂದ್ರ? ನಿನ್ನ ಗೆಳೆಯ ಸತ್ತದ್ದು ನಿನಗ ಗೊತ್ತಿಲ್ಲೇನು? ನೀನೇ ಹೇಳೀಯಂತಲ್ಲ.”

ಯಾರು ಹೇಳಿದರು ಎಂದು ಕೇಳಿದರೆ ಅವನು ರೊಟ್ಟಿಯ ಕೈಯಿಂದಲೇ ಒಲೆಯ ಕಡೆ ತೋರಿಸಿದ. ತಿಮ್ಮವ್ವ ಮೊಹರಂನಲ್ಲಿ ಓದಿಸಿದ ಸಕ್ಕರೆ, ತೀರಿಕೊಂಡವರಿಗೆ ಓದಿಸುವ ಹಾಗೆ, ಬಂದೇಸಾಬನ ಹೆಸರಿನದು. ಬಸ್ಸಪ್ಪನಿಗೂ ಕೊಟ್ಟು, ತುರ್ವಿಹಾಳದ ಬಂದೇಸಾಬ ಹೋದನಂತೆ, ನಮ್ಮ ಪೇಂಟರ್ ಚಿತ್ರ ಬರೆದು ಗೋಡೆಗೆ ಹಾಕಿದ್ದಾನೆ, ಹೆಂಡತಿಗೆ ಸುದ್ದಿ ಮುಟ್ಟಿತೋ ಇಲ್ಲವೋ ನೋಡಪ್ಪಾ ಎಂದು ಹೇಳಿ ಕಳಿಸಿದ್ದಾಳೆ. ಅವನು ದಸ್ತಗೀರ್‌ಸಾಬ್‌ಗೆ ಮುಟ್ಟಿಸಿದ್ದಾನೆ. ಆಮೇಲೆ ಇಷ್ಟು ದಿನ ಬೇರೆ ಬಸ್ಸಿನ ಮೇಲೆ ಇದ್ದ, ಇಂದು ಈ ಕಡೆ ಬಂದ.

ನಾನು ತಿಮ್ಮವ್ವನ ಮೇಲೆ ಕೂಗಾಡಿದೆ. ಅವಳೂ ಬಿಡಲಿಲ್ಲ.

“ಹ್ವಾದ ಅಂತ ಯಾರು ಅಂದ್ರು? ನಾ ಅಂದೆನೋ ನೀ ಅಂದೆಯೋ?”

“ಗೋವಾಕ್ಕ ಹ್ವಾದ ಅಂದೆ!”

“ಗೋವಾದ ಹೆಸರು ತಗದೀಯೇನು? ಹ್ವಾದ ಅಂದಿ, ನೀಲಿ ಹಚ್ಚಿ ಗ್ವಾಡಿಗಿ ಹಾಕೀದಿ. ಜೀವಂತ ಇದ್ದವನ್ನ ಯಾರರ ಹಂಗ ಬರಿತಾರೇನಪಾ? ಅವನ ಮಾರಿ ನೋಡು. ಸತ್ತವರ ಮಾರೀನ ಅದು.”

ಆಮೇಲೆ ಅಳತೊಡಗಿದಳು. ಅವಳ ತಪ್ಪಿಲ್ಲ. ಸಾವನ್ನು ಸಾವು ಎಂದು ಬಾಯಿಬಿಟ್ಟು ಯಾರು ಹೇಳುತ್ತಾರೆ? ಹೋದ ಎಂದೇ ಹೇಳುತ್ತಾರೆ. ನಾನೂ ಅವನ ಹೆಸರಿನ ಸಕ್ಕರೆ ತಿಂದು ಬೆರಳು ನೆಕ್ಕಿದವನೇ.

ಮಸ್ಕಿ, ೭ ಅಕ್ಟೋಬರ್

ಬಸ್ಸಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದೇನೆ: ಬಂದೇಸಾಬ ಸತ್ತಿಲ್ಲ, ಮಾತು ತಪ್ಪಾಗಿ ಮುಟ್ಟಿದೆ, ದಾವಲ್‌ಬೀಗೆ ಎದ್ದೇಳಲು ಹೇಳಿರಿ.

ಮಸ್ಕಿ, ೧೯ ಅಕ್ಟೋಬರ್

ದಸ್ತಗೀರ್‌ಸಾಬ್‌ನ ಉತ್ತರ ಬಂತು. ಬಸ್ಸಪ್ಪ ಅವನ ದನಿಯಲ್ಲೇ ಹೇಳಿದ: “ಒಮ್ಮೆ ಸತ್ತ ಅಂತೀರಿ, ಒಮ್ಮೆ ಇಲ್ಲ ಅಂತೀರಿ. ಸಕ್ಕರಿ ಓದಿಸಿ ಆದ ಮ್ಯಾಲ ಇದೇನು ಹುಡುಗಾಟ? ಜೀವಂತ ಅದಾನ ಅನ್ನಾಕ ಗುರುತೇನೈತಿ? ಇದ್ರ ತಾಯಪ್ಪ ಬಂದು ಎದುರು ನಿಂತು ಹೇಳಲಿ.”

ಗುರುತು ಏನಿದೆ? ಏನೂ ಇಲ್ಲ. ಹೋದವನು ಒಂದು ಮಾತು ಕಳಿಸಿಲ್ಲ. ಅವನು ಇದ್ದಾನೆ ಎನ್ನಲು ನನ್ನ ಬಳಿ ಇರುವುದು ನನ್ನ ಬಾಯಿ ಒಂದೇ. ಅದಕ್ಕೂ ಈಗ ಬೆಲೆ ಇಲ್ಲ.

ದಾವಲ್‌ಬೀ ತಾನೇ ಇಲ್ಲಿಗೆ ಬರುವಂತಿಲ್ಲ. ಗಂಡ ಸತ್ತವಳು ಇದ್ದತ್ ಕೂತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮುಗಿಯುವ ತನಕ ಹೊಸ್ತಿಲು ದಾಟುವುದಿಲ್ಲ, ಪರಗಂಡಸರ ಎದುರಿಗೆ ಬರುವುದಿಲ್ಲ. ಅವಳು ಮನೆ ದಾಟುವಂತಿಲ್ಲ, ನಾನು ತಾಲೂಕು ದಾಟುವಂತಿಲ್ಲ.

ಮಸ್ಕಿ, ೧೬ ನವೆಂಬರ್

ಸಹಿ. ಊಟ. ನಿದ್ದೆ. ಚಿತ್ರಗಳನ್ನೆಲ್ಲ ಗೋಡೆಯ ಕಡೆಗೆ ಮುಖ ಮಾಡಿ ಇಟ್ಟಿದ್ದೇನೆ. ತಿಮ್ಮವ್ವ ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಪಲ್ಯ ಮಾತ್ರ ಮೊದಲಿಗಿಂತ ಹೆಚ್ಚು ಹಾಕುತ್ತಾಳೆ.

ಮಸ್ಕಿ, ೧೪ ಡಿಸೆಂಬರ್

ದಾವಲ್‌ಬೀಗೆ ಹಟ್ಟಿಯಿಂದ ಗಂಡು ನೋಡಿದ್ದಾರಂತೆ. ಚಿನ್ನದ ಗಣಿಯಲ್ಲಿ ಕೆಲಸ, ಕಂಪನಿ ಮನೆ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ಜನವರಿಯಲ್ಲಿ ಇದ್ದತ್ ಮುಗಿದ ಕೂಡಲೇ ನಿಕಾ. ದಸ್ತಗೀರ್‌ಸಾಬ್ ಕೆಟ್ಟವನಲ್ಲ. ತಂಗಿ ಬದುಕಬೇಕಲ್ಲ ಎಂದು ಅವನ ಯೋಚನೆ.

ನನ್ನ ವರ್ಷ ಮುಗಿಯುವುದು ಮಾರ್ಚಿನಲ್ಲಿ. ಸುಮ್ಮನೆ ಕೂತರೆ ಸ್ವತಂತ್ರನಾಗಿ ಊರಿಗೆ ಹೋಗುತ್ತೇನೆ. ಅಷ್ಟರಲ್ಲಿ ಬಂದೇಸಾಬನ ಹೆಂಡತಿ ಹಟ್ಟಿಯಲ್ಲಿ ಇನ್ನೊಬ್ಬರಿಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಈಗ ಹೋದರೆ ಜೇಲು, ಮತ್ತೆ ಗಡಿಪಾರು. ಹೋಗಿಯೂ ಏನು ಹೇಳಲಿ? ಅವನು ನಿಜಕ್ಕೂ ಇಲ್ಲದಿದ್ದರೆ? ಸುಳ್ಳು ಆಸೆ ಕೊಟ್ಟು ಅವಳ ಬಾಳು ಕೆಡಿಸಿದ ಹಾಗಾಗುವುದಿಲ್ಲವೇ?

ಯೋಚಿಸಿ ಯೋಚಿಸಿ ಸಾಕಾಗಿದೆ.

ಮಸ್ಕಿ, ೮ ಜನವರಿ ೧೯೮೮

ಬಸ್ಸಪ್ಪ ಇಂದು ಉಣ್ಣದೆ ನೇರ ಕೋಣೆಗೆ ಬಂದ. ಈ ಸಲ ಸುದ್ದಿ ದಸ್ತಗೀರ್‌ಸಾಬ್‌ನದಲ್ಲ, ದಾವಲ್‌ಬೀಯದೇ. ಬಸ್ಸಪ್ಪನ ಹೆಂಡತಿಯ ಕಿವಿಯಲ್ಲಿ ಹೇಳಿ ಕಳಿಸಿದ್ದಾಳೆ.

“ತಾಯಪ್ಪಣ್ಣ ಒಂದು ಚಿತ್ರ ಬರದಾನಂತ. ನನ್ನ ಹತ್ರ ಅವರದೊಂದು ಫೋಟೋ ಇಲ್ಲ. ಹಟ್ಟಿಗಿ ಹೋಗೂಕಿಂತ ಮುಂಚೆ ಒಂದ್ಸಲ ಆ ಮಾರಿ ನೋಡತೀನಿ. ಹೆಂಗರ ಮಾಡಿ ಮುಟ್ಟಸು ಅನ್ನು.”

ಬಸ್ಸಪ್ಪನ ಕೈಯಲ್ಲೇ ಕೊಟ್ಟು ಕಳಿಸಬಹುದಿತ್ತು. ಅವನೂ ಅದಕ್ಕೇ ಬಂದಿದ್ದ. ನಾನು ಕೋಟಿನ ಚಿತ್ರವನ್ನು ತೆಗೆದು ಹಾಸಿಗೆಯ ಚಾದರದಲ್ಲಿ ಸುತ್ತಿದೆ. ಸುತ್ತಿ ಅವನಿಗೆ ಕೊಡಲಿಲ್ಲ.

“ನಾಳಿಗಿ ನಿನ್ನ ಬಸ್ಸು ಎಷ್ಟೊತ್ತಿಗೆ?” ಅಂದೆ.

ಅವನು ನನ್ನನ್ನು ನೋಡಿದ. “ನಾ ನಿನ್ನ ನೋಡಿಲ್ಲ. ನೀ ಟಿಕೀಟು ತಗೊಂಡಿ, ಕುಂತಿ. ಮುಗೀತು” ಅಂದ.

ಲಿಂಗಸುಗೂರು ಸಬ್‌ಜೇಲು, ೧೩ ಜನವರಿ

ನಿರೀಕ್ಷಿಸಿದ್ದೇ ಆಯಿತು. ವಾಪಸು ಬರುವಾಗ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದರು. ಹೊಸ ಕೇಸು, ಗಡಿಪಾರು ಇನ್ನಷ್ಟು ದಿನ ಬೆಳೆಯಬಹುದು ಎನ್ನುತ್ತಾರೆ. ತಿಮ್ಮವ್ವ ನಿನ್ನೆ ರೊಟ್ಟಿ ಬುತ್ತಿ, ಬಟ್ಟೆ, ಈ ಪುಸ್ತಕ ಎಲ್ಲವನ್ನೂ ಗಂಟು ಕಟ್ಟಿಕೊಂಡು ಮಸ್ಕಿಯಿಂದ ಬಂದಿದ್ದಳು. ಮಾತು ಬಿಟ್ಟದ್ದನ್ನೂ ಮರೆತು ಬೈದಳು. ಸುಖವೆನಿಸಿತು.

ಅಂದು ನಡೆದದ್ದನ್ನು ಬರೆದಿಡುತ್ತೇನೆ. ರುಮಾಲನ್ನು ಹುಬ್ಬಿನ ತನಕ ಸುತ್ತಿಕೊಂಡು, ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಹೆದರಿಕೆಗೆ ಕಣ್ಣು ಮುಚ್ಚಿದ್ದರಿಂದ ಯಾವಾಗ ಗಡಿ ದಾಟಿದೆನೋ ತಿಳಿಯಲಿಲ್ಲ. ಸಿಂಧನೂರಿನಲ್ಲಿ ಬಸ್ಸು ಬದಲಿಸಿ ತುರ್ವಿಹಾಳದಲ್ಲಿ ಇಳಿದಾಗ ಕೊಯ್ದ ಗದ್ದೆಯ ಹಸಿ ಹುಲ್ಲಿನ ವಾಸನೆ ಬಂತು. ನಿಂತು ಅತ್ತುಬಿಡಬೇಕು ಅನ್ನಿಸಿತು. ಅತ್ತರೆ ಯಾರಾದರೂ ನೋಡುತ್ತಾರೆಂದು ನಡೆದೆ.

ದಸ್ತಗೀರ್‌ಸಾಬ್ ನನ್ನನ್ನು ಕಂಡು ಎದ್ದು ನಿಂತ. ನಾನು ಬರುತ್ತೇನೆಂದು ಅವನು ಎಣಿಸಿರಲಿಲ್ಲ. ಒಳಗೆ ಕರೆದು ಕೂರಿಸಿ ನೀರು ಕೊಟ್ಟ. ನಡುಮನೆಯ ಬಾಗಿಲಿಗೆ ಒಂದು ಸೀರೆಯ ಪರದೆ ಕಟ್ಟಿದ್ದರು. ಅದರ ಹಿಂದೆ ದಾವಲ್‌ಬೀ ಇದ್ದಳು.

“ಬಂದೆಲ್ಲ, ಹೇಳು. ಬಂದೇಸಾಬ ಅದಾನ?” ದಸ್ತಗೀರ್‌ಸಾಬ್ ಕೇಳಿದ.

“ಸತ್ತಾನ ಅಂತ ನಾ ಹೇಳಿಲ್ಲ.”

“ಅದಲ್ಲ ಕೇಳಿದ್ದು. ಅದಾನ?”

ಇದ್ದಾನೆ ಎನ್ನಲು ಬಂದವನಿಗೆ ಆ ಒಂದು ಶಬ್ದ ಹೇಳಲು ಆಗಲಿಲ್ಲ. “ಗೊತ್ತಿಲ್ಲ” ಅಂದೆ. ಆಗ ಪರದೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಬಳೆ ಇಲ್ಲದ ಕೈ. ಚಾದರ ಬಿಚ್ಚಿ ಚಿತ್ರವನ್ನು ಆ ಕೈಗೆ ಕೊಟ್ಟೆ. ಅದು ಒಳಗೆ ಹೋಯಿತು.

ಆಮೇಲೆ ಸಣ್ಣಗೆ ಬಿಕ್ಕುವ ಸಪ್ಪಳ. ನಾನು ತಲೆ ತಗ್ಗಿಸಿದೆ. ಸಪ್ಪಳ ಜೋರಾಯಿತು. ಅದು ಅಳು ಅಲ್ಲ. ಅವಳು ನಗುತ್ತಿದ್ದಳು.

“ಇವ ಯಾರಣ್ಣ?”

“ಬಂದೇಸಾಬ” ಅಂದೆ.

“ಇವನ ಕಣ್ಣು ಎರಡೂ ನೆಟ್ಟಗದಾವಲ್ಲ!”

ನಾನು ತಲೆ ಎತ್ತಿದೆ.

“ನನ್ನ ಗಂಡಂದು ಮೆಳ್ಳಗಣ್ಣು. ನನ್ನ ನೋಡಿ ಮಾತಾಡಿದ್ರ ಬಾಜೂಕಿನಾಕಿ ಓ ಅಂತಿದ್ಲು. ಮದುವ್ಯಾಗ ಖಬೂಲ್ ಅಂದಾಗ ಯಾರನ್ನ ಖಬೂಲ್ ಮಾಡಿದ್ನೋ ಅಂತ ನಮ್ಮತ್ತಿಗಿ ವರ್ಷಗಟ್ಟಲೆ ಕಾಡಿದ್ಲು. ಇವ ಯಾರೋ ಕೋಟು ಹಾಕ್ಕೊಂಡು ಕುಂತಾನ, ಮಾಸ್ತರ್ ಇದ್ದಂಗ!”

ಮೆಳ್ಳಗಣ್ಣು. ಶಾಲೆಯಲ್ಲಿ ಅವನು ಮಾಸ್ತರರನ್ನು ನೋಡುತ್ತಿದ್ದರೆ ನನ್ನನ್ನು ನೋಡುತ್ತಿದ್ದಾನೆಂದು ತಿಳಿದು ಇಬ್ಬರಿಗೂ ಬಡಿಯುತ್ತಿದ್ದರು. ಆ ಕಣ್ಣಿನಿಂದಾಗಿ ನಾನು ತಿಂದ ಏಟಿಗೆ ಲೆಕ್ಕವಿಲ್ಲ. ಅದನ್ನು ಮೊದಲ ದಿನವೇ ನನ್ನ ಕೈ ತಿದ್ದಿಬಿಟ್ಟಿತ್ತು, ನನ್ನನ್ನು ಕೇಳದೆ. ಆಮೇಲೆ ತಿದ್ದಿದ್ದನ್ನು ನೋಡಿ ಬರೆದೆ, ಬರೆದದ್ದನ್ನು ನೋಡಿ ಮತ್ತೆ ಬರೆದೆ. ಗೆಳೆಯನನ್ನು ಬರೆಯುತ್ತಿದ್ದೇನೆಂದು ತಿಂಗಳುಗಟ್ಟಲೆ ಯಾರನ್ನೋ ಬರೆದಿದ್ದೇನೆ. ಅಲ್ಲೇ ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಪರದೆ ಸರಿಯಿತು. ದಾವಲ್‌ಬೀ ಚಿತ್ರ ಹಿಡಿದುಕೊಂಡು ಹೊರಗೆ ಬಂದು ನಿಂತಳು. ದಸ್ತಗೀರ್‌ಸಾಬ್ ಗಾಬರಿಯಾಗಿ ಎದ್ದ.

“ಒಳಗ ನಡಿ! ಇದ್ದತ್ ಐತಿ.”

“ಯಾರ ಇದ್ದತ್ ಅಣ್ಣ? ಈ ಕೋಟಿನವಂದೇನು?” ಚಿತ್ರವನ್ನು ಅವನ ಕೈಗೆ ಕೊಟ್ಟಳು. “ಸಕ್ಕರಿ ಓದಿಸಿದ್ದು ಈ ಮಾರಿ ನೋಡಿ. ಬಳಿ ಒಡದಿದ್ದು ಈ ಮಾರಿ ಸಲುವಾಗಿ. ನನ್ನ ಗಂಡ ಅದಾನೋ ಇಲ್ಲೋ ನನಗ ಗೊತ್ತಿಲ್ಲ, ತಾಯಪ್ಪಣ್ಣಗೂ ಗೊತ್ತಿಲ್ಲ. ಅಂವ ಸತ್ತದ್ದು ಕಂಡವರು ಯಾರರ ಬಂದು ಹೇಳಲಿ, ಆವತ್ತು ಕೂಡತೀನಿ. ಯಾರೋ ಪರಗಂಡಸಿನ ಸಲುವಾಗಿ ನಾ ಯಾಕ ಕೂಡಲಿ?”

ದಸ್ತಗೀರ್‌ಸಾಬ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. “ಕಣ್ಣು...” ಎಂದವನು ಅಲ್ಲಿಗೇ ನಿಲ್ಲಿಸಿದ. ಚಿತ್ರ ಕೆಳಗಿಟ್ಟು, “ಹಟ್ಟಿಯವರಿಗಿ ಏನು ಹೇಳಲಿ?” ಅಂದ. ಅದು ಸಿಟ್ಟಿನ ದನಿಯಲ್ಲ, ಸೋತವನ ದನಿ.

“ನನ್ನ ತಂಗಿಗಿ ಗಂಡ ಅದಾನಂತ ಹೇಳು.”

ಅವಳು ಬೀದಿಗೆ ಹೋಗಿ ಬಾಜುಮನೆಯ ಚಾಂದ್‌ಬೀಯನ್ನು ಕೂಗಿ ಬಳೆ ಕೇಳಿದಳು. ಹೊಸ್ತಿಲಲ್ಲೇ ಕೂತು ತೊಟ್ಟುಕೊಂಡಳು. ನಾನು ಇದುವರೆಗೆ ಬರೆದ ಚಿತ್ರಗಳಲ್ಲಿ ಇದೊಂದೇ ಯಾರಿಗಾದರೂ ಉಪಯೋಗಕ್ಕೆ ಬಂದದ್ದು, ಅದೂ ಕೆಟ್ಟುಹೋಗಿದ್ದರಿಂದ.

ಚಹಾ ಕುಡಿದು ಹೊರಟೆ. ಚಿತ್ರವನ್ನು ಅಲ್ಲೇ ಬಿಟ್ಟೆ. ಒಲೆಗೆ ಹಾಕುತ್ತಾರೋ, ಕಾಳಿನ ಗಡಿಗೆ ಮುಚ್ಚುತ್ತಾರೋ ಅವರಿಷ್ಟ. ಕೇಸು ಮುಗಿಸಿ ಬಂದ ಮೇಲೆ ಮತ್ತೆ ಬರೆಯಬೇಕು, ಈ ಸಲ ಸರಿಯಾಗಿ. ಆದರೆ ಅಂಗಳ ದಾಟುವಾಗ ಕಾಲು ನಿಂತಿತು. ನೆನಪು ಮಾಡಿಕೊಳ್ಳಲು ನೋಡಿದೆ. ಗೋಣಿತಟ್ಟು ನೆನಪಿದೆ, ಮಾಸ್ತರರ ಬೆತ್ತ ನೆನಪಿದೆ, ಅದೊಂದು ಬರಲಿಲ್ಲ. ನಾಚಿಕೆ ಬಿಟ್ಟು ಹಿಂದೆ ತಿರುಗಿ ಕೇಳಿದೆ.

“ದಾವಲ್‌ಬೀ, ಯಾವ ಕಣ್ಣವ್ವ? ಎಡದ್ದೋ, ಬಲದ್ದೋ?”

ಅವಳು ಹೊಸ್ತಿಲ ಮೇಲೆ ನಿಂತು ನನ್ನನ್ನೇ ನೋಡಿದಳು.

“ನಾ ಹೇಳಂಗಿಲ್ಲಣ್ಣ. ಅಂವ ಬಂದ ಮ್ಯಾಲ ನೀನೇ ನೋಡ್ಕೋ.”